ಆರು ದಿನ ಸುಮ್ಮನೆ ಕೂರಿಸುವುದೇಕೆ?

ಪ್ರಶ್ನೆ: ನಾನು ಗೋಕಾಕ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ನನ್ನ ಹಿರಿಯ ಮಗ ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ತರಬೇತಿ ಮುಗಿಸಿ ಆರು ವರ್ಷವಾಯಿತು. ಈಗ ಲಡಾಖ್‌ನಲ್ಲಿದ್ದಾನೆ. ಒಂದೂವರೆ ತಿಂಗಳ ರಜೆಗೆ ಬಂದವನು ಮುಂದಿನ ವಾರ ಹೊರಡುತ್ತಾನೆ. ಲೇಹ್ ತಲುಪಿದ ಮೇಲೆ ಆರು ದಿನ ಅಲ್ಲಿಯೇ ಇರಿಸುತ್ತಾರಂತೆ, ಮೊದಲ ಎರಡು ದಿನ ಸರಿಯಾಗಿ ಓಡಾಡಲೂ ಬಿಡುವುದಿಲ್ಲವಂತೆ. ಕಬ್ಬಿನ ಹೊರೆ ಹೊತ್ತು ಬೆಳೆದ ಹುಡುಗನಿಗೆ ಇದೇಕೆ? ಹೋದಾಗಲೆಲ್ಲ ತಲೆ ನೋಯುತ್ತದಂತೆ. ‘ಹೇಳಿದರೆ ಕೆಳಗೆ ಕಳಿಸುತ್ತಾರೆ, ಅದಕ್ಕೇ ಯಾರೂ ಹೇಳುವುದಿಲ್ಲ’ ಎಂದು ನಗುತ್ತಾನೆ. ಸೈನಿಕರ ಆರೋಗ್ಯಕ್ಕಾಗಿ ವಿಜ್ಞಾನಿಗಳು ಏನಾದರೂ ಮಾಡುತ್ತಿದ್ದಾರೆಯೇ? ಅವನಿಗೆ ಏನು ಕಟ್ಟಿ ಕಳಿಸಲಿ? ಕಿರಿಯ ಮಗ ವಿಜಯಪುರದಲ್ಲಿ ಓದುತ್ತಾ ಅಗ್ನಿವೀರ ಭರ್ತಿಗಾಗಿ ಬಿಸಿಲಲ್ಲೇ ಓಡುತ್ತಾನೆ. ಮೊಣಕಾಲಿನ ಕೆಳಗೆ ನೋವು ಎನ್ನುತ್ತಾನೆ, ಆದರೂ ಓಟ ನಿಲ್ಲಿಸುವುದಿಲ್ಲ.

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಆದರೆ ನಾನು ಎರಡೆರಡು ಬಾರಿ ಓದಿದ್ದು ಪ್ರಶ್ನೆಯಲ್ಲದ ಒಂದು ಮಾತನ್ನು: ‘ಹೇಳಿದರೆ ಕೆಳಗೆ ಕಳಿಸುತ್ತಾರೆ.’ ನಾನು ಬೆಳಗಾವಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುತ್ತೇನೆ. ಅದಕ್ಕೂ ಮೊದಲು ಐದು ವರ್ಷ ಸೇನಾ ವೈದ್ಯಕೀಯ ದಳದಲ್ಲಿದ್ದೆ. ಆ ಮಾತನ್ನು ಅಲ್ಲಿಯೂ ಕೇಳಿದ್ದೇನೆ. ಹಾಗೆ ಹೇಳಿದ ಹುಡುಗನೊಬ್ಬನನ್ನು ನಡುರಾತ್ರಿ ಸ್ಟ್ರೆಚರ್ ಮೇಲೆ ನೋಡಿಯೂ ಇದ್ದೇನೆ. ಆದ್ದರಿಂದ ಉತ್ತರ ಉದ್ದವಾಗುತ್ತದೆ. ಹೊರಡುವ ಮುಂಚೆ ನಿಮ್ಮ ಮಗನಿಗೂ ಇದನ್ನು ಓದಿಸಿ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ ಒಂದೇ, ನೂರಕ್ಕೆ ಸುಮಾರು 21. ಬದಲಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಲೇಹ್‌ನಲ್ಲಿ ಅದು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ; 5,500 ಮೀಟರ್ ತಲುಪುವಾಗ ಅರ್ಧವೇ ಉಳಿದಿರುತ್ತದೆ. ಒಂದು ಉಸಿರಿಗೆ ಒಳಬರುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ.

ದೇಹ ಸುಮ್ಮನಿರುವುದಿಲ್ಲ, ಉಸಿರಾಟವನ್ನು ತಕ್ಷಣ ಹೆಚ್ಚಿಸುತ್ತದೆ. ಆದರೆ ಜೋರಾಗಿ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗಿ ರಕ್ತ ಕ್ಷಾರವಾಗುತ್ತದೆ. ಅದನ್ನು ಗುರುತಿಸಿದ ಮೆದುಳು ಉಸಿರಿಗೆ ಲಗಾಮು ಹಾಕುತ್ತದೆ. ಆ ಲಗಾಮು ಸಡಿಲವಾಗಬೇಕಾದರೆ ಮೂತ್ರಪಿಂಡಗಳು ಹೆಚ್ಚುವರಿ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕಬೇಕು, ಅದಕ್ಕೆ ಹಲವು ದಿನ ಹಿಡಿಯುತ್ತದೆ. ಅವಸರಪಡಿಸಿದರೆ ಅವು ಕೇಳುವುದಿಲ್ಲ. ಕಬ್ಬಿನ ಹೊರೆ ಹೊತ್ತ ಹೆಗಲಿಗೂ ಮೂತ್ರಪಿಂಡದ ಈ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ. ನಿಮ್ಮ ಮಗನನ್ನು ಆರು ದಿನ ಕೂರಿಸುವುದು ಇದಕ್ಕಾಗಿ.

ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದದ್ದು. ನೀವು ಘಟಪ್ರಭಾ ಎಡದಂಡೆ ಕಾಲುವೆಯ ಸೀಮೆಯವರು, ನಿಮಗೆ ಬೇಗ ಅರ್ಥವಾಗುತ್ತದೆ. ಶ್ವಾಸಕೋಶದಲ್ಲಿ ಒಂದು ಜಾಣ ವ್ಯವಸ್ಥೆ ಇದೆ: ಯಾವ ಭಾಗಕ್ಕೆ ಗಾಳಿ ಬರುವುದಿಲ್ಲವೋ ಆ ಭಾಗದ ರಕ್ತನಾಳ ಕಿರಿದಾಗುತ್ತದೆ, ರಕ್ತ ಗಾಳಿ ಇರುವ ಕಡೆಗೆ ತಿರುಗುತ್ತದೆ. ಬೆಳೆ ಇಲ್ಲದ ಹೊಲದ ತೂಬು ಮುಚ್ಚಿ ಬೆಳೆ ಇರುವ ಕಡೆ ನೀರು ಬಿಟ್ಟಂತೆ. ನಮ್ಮ ಬಯಲುಸೀಮೆಯಲ್ಲಿ ಇದು ಉಪಕಾರಿ. ಎತ್ತರಕ್ಕೆ ಹೋದಾಗ ಆಮ್ಲಜನಕದ ಕೊರತೆ ಎಲ್ಲ ಭಾಗಕ್ಕೂ ಇರುತ್ತದೆ, ಹಾಗಾಗಿ ತೂಬುಗಳು ಎಲ್ಲೆಡೆ ಮುಚ್ಚತೊಡಗುತ್ತವೆ. ಎಲ್ಲವೂ ಒಂದೇ ಸಮನಾಗಿ ಮುಚ್ಚುವುದಿಲ್ಲ. ಅರೆತೆರೆದ ಕೆಲವು ನಾಳಗಳಿಗೆ ಇಡೀ ಕಾಲುವೆಯ ರಭಸ ನುಗ್ಗುತ್ತದೆ, ಏರಿ ಜಿನುಗುತ್ತದೆ, ನೀರು ಶ್ವಾಸಕೋಶದ ಗಾಳಿಗೂಡುಗಳಿಗೆ ತುಂಬುತ್ತದೆ. ಸೈನಿಕರ ಬಾಯಲ್ಲಿ ಇದಕ್ಕೆ ‘ಹ್ಯಾಪೋ’ ಎಂದು ಹೆಸರು. ಮೊದಲ ಎರಡು ದಿನ ಶ್ರಮ ಬೇಡವೆನ್ನುವುದು, ದುಡಿದಷ್ಟೂ ಹೃದಯ ಆ ಕಾಲುವೆಗೆ ಇನ್ನಷ್ಟು ನೀರು ಬಿಡುತ್ತದೆ ಎಂಬ ಕಾರಣಕ್ಕೆ. ಗಟ್ಟಿಮುಟ್ಟಾದವನಿಗೆ ಇಲ್ಲಿ ರಿಯಾಯಿತಿ ಇಲ್ಲ. ಅವನು ಉಳಿದವರಿಗಿಂತ ವೇಗವಾಗಿ ಏರಬಲ್ಲ, ಆದ್ದರಿಂದ ಉಳಿದವರಿಗಿಂತ ಬೇಗ ಅಪಾಯಕ್ಕೆ ಸಿಲುಕಬಲ್ಲ.

ನಮ್ಮ ದೇಶ ಈ ಪಾಠವನ್ನು ಕಲಿತ ರೀತಿ ನೆನೆದರೆ ಇಂದಿಗೂ ಸಂಕಟವಾಗುತ್ತದೆ. 1962ರ ಯುದ್ಧದಲ್ಲಿ ಬಯಲುಸೀಮೆಯ ಪಡೆಗಳನ್ನು ಹತ್ತಿಬಟ್ಟೆಯ ಸಮವಸ್ತ್ರದಲ್ಲಿಯೇ ಅವಸರವಸರವಾಗಿ ಹಿಮಾಲಯದ ಎತ್ತರಕ್ಕೆ ಏರಿಸಲಾಯಿತು. ಗುಂಡು ತಾಗದ ಯುವಕರು ಕೆಮ್ಮುತ್ತಾ, ಉಸಿರು ಕಟ್ಟಿ ಬಿದ್ದರು. ನ್ಯುಮೋನಿಯಾ ಎಂದುಕೊಂಡು ಚಿಕಿತ್ಸೆ ಕೊಟ್ಟ ಪ್ರಸಂಗಗಳೂ ಇದ್ದವು, ಏಕೆಂದರೆ ಎತ್ತರದಿಂದ ಬರುವ ಈ ಕಾಯಿಲೆಯನ್ನು ವೈದ್ಯಲೋಕ ಆಗಷ್ಟೇ ಗುರುತಿಸತೊಡಗಿತ್ತು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಅವರ ಸಂಗಡಿಗರು ಆ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿ, ಬರೆದು, ಹೋಲಿಸಿದರು. 1965ರಲ್ಲಿ ಹ್ಯಾಪೋ ಬಗ್ಗೆ, 1969ರಲ್ಲಿ 1,925 ಸೈನಿಕರನ್ನು ಗಮನಿಸಿ ಎತ್ತರದ ಕಾಯಿಲೆಯ ಬಗ್ಗೆ ಅವರು ಪ್ರಕಟಿಸಿದ ಬರಹಗಳನ್ನು ಪರ್ವತವೈದ್ಯರು ಇಂದಿಗೂ ಉಲ್ಲೇಖಿಸುತ್ತಾರೆ. ಪರ್ವತಾರೋಹಿಗಳ ಮೇಲಿನ ಅಧ್ಯಯನಗಳಲ್ಲಿ ಹತ್ತಿಪ್ಪತ್ತು ಜನರಿದ್ದ ಕಾಲವದು. ಜಗತ್ತು ಎತ್ತರದ ಕಾಯಿಲೆಯನ್ನು ಅರಿತದ್ದರಲ್ಲಿ ನಮ್ಮ ಸೈನಿಕರ ದೇಹಗಳ ಪಾಲು ಬಹಳ ದೊಡ್ಡದು.

ಅಂಥ ಅನುಭವದಿಂದಲೇ ಈಗಿನ ಕ್ರಮ ರೂಪುಗೊಂಡಿದೆ. 2,700ರಿಂದ 3,600 ಮೀಟರ್‌ವರೆಗೆ ಆರು ದಿನ: ಎರಡು ದಿನ ವಿಶ್ರಾಂತಿ, ಆಮೇಲೆ ಎರಡು ದಿನ ಸಮತಟ್ಟಿನಲ್ಲಿ ನಡಿಗೆ, ಕೊನೆಯ ಎರಡು ದಿನ ಸಣ್ಣಪುಟ್ಟ ಏರು. 4,500 ಮೀಟರ್‌ವರೆಗೆ ಹೋಗುವವರಿಗೆ ಇನ್ನೂ ನಾಲ್ಕು ದಿನ, ಅದಕ್ಕೂ ಮೇಲೆ ಹೋಗುವವರಿಗೆ ಮತ್ತೂ ನಾಲ್ಕು ದಿನ. ಒಟ್ಟು ಹದಿನಾಲ್ಕು. ಇನ್ನು ನಿಮ್ಮ ಮಗನಿಗೆ ನೇರವಾಗಿ ಸಂಬಂಧಿಸಿದ ಮಾತು: ದೇಹ ಈ ಹೊಂದಾಣಿಕೆಯನ್ನು ಕೂಡಿಟ್ಟುಕೊಳ್ಳುವುದಿಲ್ಲ. ಬಯಲಿಗೆ ಇಳಿದು ಕೆಲವು ವಾರ ಕಳೆದರೆ ಅದು ಕರಗಿಹೋಗುತ್ತದೆ. ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಕೆಳಗಿದ್ದು ಹಿಂದಿರುಗುವವನು ಹೊಸಬನಂತೆಯೇ ಮೊದಲ ದಿನದಿಂದ ಶುರು ಮಾಡಬೇಕು. ರಜೆ ಮುಗಿಸಿ ಬಂದ ಹಳಬರಲ್ಲಿ ಹ್ಯಾಪೋ ಕಾಣಿಸುವುದು ವೈದ್ಯರಿಗೆ ಚೆನ್ನಾಗಿ ಗೊತ್ತು. ‘ಆರು ವರ್ಷದಿಂದ ನೋಡಿದ್ದೇನೆ’ ಎಂಬ ಧೈರ್ಯವೇ ಅವರನ್ನು ಎಡವಿಸುತ್ತದೆ.

ನಾನು ಹೇಳಿದ ಆ ಹುಡುಗ ಬಾಗಲಕೋಟೆ ಕಡೆಯವನು. ಅವನೂ ರಜೆ ಮುಗಿಸಿ ಬಂದಿದ್ದ. ಎರಡನೆಯ ದಿನ ಬೆಳಿಗ್ಗೆ ಸಾಲಿನಲ್ಲಿ ನಿಂತಾಗ ಕೇಳಿದೆ, ತಲೆನೋವು ಇದೆಯೇ ಎಂದು. ನಾನು ಕನ್ನಡದವನೆಂದು ಗೊತ್ತಿದ್ದುದರಿಂದ ‘ಏನೂ ಇಲ್ಲ ಸಾಹೇಬರೇ, ಆರಾಮ ಇದ್ದೇನೆ’ ಎಂದು ಕನ್ನಡದಲ್ಲಿಯೇ ಹೇಳಿದ. ಮಧ್ಯಾಹ್ನ ಗೆಳೆಯನ ಟ್ರಂಕು ಹೊತ್ತು ಮೆಟ್ಟಿಲು ಹತ್ತಿದನಂತೆ. ಆ ರಾತ್ರಿ ಕರೆತಂದಾಗ ಮಲಗಲು ಆಗದೆ ಕುಳಿತೇ ಉಸಿರಾಡುತ್ತಿದ್ದ. ತುಟಿ ನೀಲಿಗಟ್ಟಿತ್ತು, ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಹುರಿಗಡಲೆ ಸಿಡಿದಂಥ ಸದ್ದು, ಕೆಮ್ಮಿದಾಗ ಗುಲಾಬಿ ಬಣ್ಣದ ನೊರೆ. ಆಮ್ಲಜನಕ ಕೊಟ್ಟೆವು. ಆಮೇಲೆ, ಮನುಷ್ಯ ಮಲಗುವಷ್ಟು ದೊಡ್ಡ ಗಾಳಿಚೀಲವೊಂದಿದೆ, ಅದರೊಳಗೆ ಮಲಗಿಸಿ ಪಂಪು ಒತ್ತತೊಡಗಿದೆವು. ಒಳಗಿನ ಒತ್ತಡ ಏರಿದಂತೆ ದೇಹಕ್ಕೆ ಒಂದೆರಡು ಸಾವಿರ ಮೀಟರ್ ಕೆಳಗಿಳಿದ ಅನುಭವವಾಗುತ್ತದೆ. ಬೆಂಗಳೂರಿನ ರಕ್ಷಣಾ ಜೈವಿಕ ಎಂಜಿನಿಯರಿಂಗ್ ಪ್ರಯೋಗಾಲಯ ನಮ್ಮ ಸೈನ್ಯಕ್ಕಾಗಿ ಇಂಥ ಚೀಲವನ್ನು ಸಿದ್ಧಪಡಿಸಿದೆ. ಬೆಳಗಾಗುವ ತನಕ ಸರದಿಯಲ್ಲಿ ಒತ್ತಿದೆವು, ಬೆಳಕಾದ ಮೇಲೆ ಕೆಳಗೆ ಕಳಿಸಿದೆವು. ಬದುಕಿದ. ‘ನಿನ್ನೆ ಬೆಳಿಗ್ಗೆಯೇ ತಲೆ ಒಡೆಯುತ್ತಿತ್ತು’ ಎಂದು ಅವನು ಹೇಳಿದ್ದು ಚೀಲದಿಂದ ಹೊರಬಂದ ಮೇಲೆ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಎತ್ತರದ ಕಾಯಿಲೆಯ ಮೊದಲ ಹಂತವನ್ನು ಹಿಡಿಯುವ ರಕ್ತಪರೀಕ್ಷೆ ಇಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಅದು ತೋರಿಸುವ ಅಂಕಿಯೊಂದನ್ನೇ ನಂಬಿ ಕಾಯಿಲೆ ಇದೆ, ಇಲ್ಲ ಎಂದು ತೀರ್ಮಾನಿಸಲಾಗದು. ಜಗತ್ತಿನಾದ್ಯಂತ ವೈದ್ಯರು ಬಳಸುವ ಅಳತೆ ಎಂದರೆ ಕೆಲವು ಪ್ರಶ್ನೆಗಳು: ತಲೆನೋವು ಎಷ್ಟಿದೆ, ಹಸಿವು ಹೇಗಿದೆ, ವಾಂತಿ ಬರುತ್ತಿದೆಯೇ, ಆಯಾಸ ಎಷ್ಟು, ತಲೆ ಸುತ್ತುತ್ತಿದೆಯೇ, ಇದರಿಂದ ದಿನದ ಕೆಲಸಕ್ಕೆ ಎಷ್ಟು ಅಡ್ಡಿ? ಉತ್ತರಿಸಬೇಕಾದವನು ಸೈನಿಕನೇ. ಅರವತ್ತು ವರ್ಷದ ಸಂಶೋಧನೆ, ದೊಡ್ಡ ದೊಡ್ಡ ಪ್ರಯೋಗಾಲಯ, ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಅವನ ನಾಲಿಗೆಯ ಮೇಲೆ. ಸಣ್ಣ ತಲೆನೋವಿಗೆ ಬಹುಮಟ್ಟಿಗೆ ಮಾಡುವುದು ಇಷ್ಟೇ: ಅಲ್ಲಿಯೇ ಇರಿಸಿ, ಮೇಲೇರಲು ಬಿಡದೆ ಒಂದೆರಡು ದಿನ ಹೆಚ್ಚು ವಿಶ್ರಾಂತಿ, ಬೇಕಾದರೆ ಅಸೆಟಜೋಲಮೈಡ್ ಮಾತ್ರೆ. ಅದು ಮೂತ್ರಪಿಂಡದ ಕೆಲಸವನ್ನು ಚುರುಕುಗೊಳಿಸುವ ಔಷಧ, ವೈದ್ಯರು ಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಬೆಳಿಗ್ಗೆಯೇ ಹೇಳಿದವನಿಗೆ ಕೆಳಗೆ ಹೋಗುವ ಪ್ರಸಂಗ ಬರುವುದು ಕಡಿಮೆ. ರಾತ್ರಿಯವರೆಗೆ ಮುಚ್ಚಿಟ್ಟವನನ್ನೇ ಹೊತ್ತು ಇಳಿಸಬೇಕಾಗುತ್ತದೆ.

ವಿಜ್ಞಾನಿಗಳು ಏನು ಮಾಡುತ್ತಿದ್ದಾರೆ ಎಂದು ಕೇಳಿದ್ದೀರಿ. ದೆಹಲಿಯಲ್ಲಿ ಇದಕ್ಕಾಗಿಯೇ ರಕ್ಷಣಾ ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇದೆ. ಚಳಿ, ಬಿಸಿಲು, ಎತ್ತರ, ನಿದ್ದೆಗೇಡು ಇವೆಲ್ಲ ಸೈನಿಕನ ದೇಹಕ್ಕೆ ಏನು ಮಾಡುತ್ತವೆ ಎಂಬುದು ಅದರ ವಿಷಯ. ಲೇಹ್‌ನಲ್ಲಿರುವ ಸಂಸ್ಥೆ ಆ ಶೀತ ಮರುಭೂಮಿಯಲ್ಲಿ ಹಸಿರುಮನೆ ಕಟ್ಟಿ ತರಕಾರಿ ಬೆಳೆಯುವುದನ್ನು ಕಲಿಸುತ್ತದೆ. ತಾಜಾ ಸೊಪ್ಪು ಸಿಗುವುದು ಅಲ್ಲಿ ದೊಡ್ಡ ಆರೋಗ್ಯಸೇವೆ. ಹಿಮಪಾತದ ಮುನ್ಸೂಚನೆಗೆ 1969ರಲ್ಲಿ ಆರಂಭವಾದ ಪ್ರತ್ಯೇಕ ಸಂಸ್ಥೆ ಈಗ ಹೊಸ ಹೆಸರಿನಲ್ಲಿ ಚಂಡೀಗಡದಿಂದ ಕೆಲಸ ಮಾಡುತ್ತಿದೆ. ಅದರ ಅಗತ್ಯವನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಸೈನಿಕರು ಹಿಮದಡಿ ಹೂತುಹೋದರು. ಆರನೆಯ ದಿನ ಜೀವಂತವಾಗಿ ಸಿಕ್ಕ ಒಬ್ಬನೇ ಒಬ್ಬ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡ ದಿನ ನಮ್ಮ ಕಾಲೇಜಿನಲ್ಲಿ ಯಾರಿಗೂ ಪಾಠ ಮಾಡುವ ಮನಸ್ಸಿರಲಿಲ್ಲ. ಸಿಯಾಚಿನ್‌ನಲ್ಲಿ ಶತ್ರುವಿನ ಗುಂಡಿಗಿಂತ ಹಿಮ, ಚಳಿ, ತೆಳು ಗಾಳಿಗಳೇ ಹೆಚ್ಚು ಜೀವ ತೆಗೆದಿವೆ.

ಚಳಿಗೆ ಕೈಕಾಲು ಹೆಪ್ಪುಗಟ್ಟುವ ಹಿಮಗಡಿತದ ವಿಷಯದಲ್ಲಿ ಹಳೆಯ ನಂಬಿಕೆಯೊಂದು ಇನ್ನೂ ಉಳಿದಿದೆ, ಅದನ್ನು ಹೇಳಲೇಬೇಕು. ನೆಪೋಲಿಯನ್‌ನ ಸೇನಾ ಶಸ್ತ್ರವೈದ್ಯ ಲಾರೆ 1812ರ ರಷ್ಯಾ ದಂಡಯಾತ್ರೆಯಲ್ಲಿ, ಹೆಪ್ಪುಗಟ್ಟಿದ ಕಾಲನ್ನು ಬೆಂಕಿಗೆ ಹಿಡಿದ ಸೈನಿಕರ ಕಾಲು ಕೊಳೆತುಹೋಗುವುದನ್ನು ನೋಡಿ, ಹಿಮದಿಂದಲೇ ಉಜ್ಜಬೇಕೆಂದು ಬರೆದ. ಬೆಂಕಿ ಬೇಡವೆಂದದ್ದು ಸರಿ, ಹಿಮದಿಂದ ಉಜ್ಜಿ ಎಂದದ್ದು ತಪ್ಪು. ಆ ತಪ್ಪು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಈಗಿನ ಕ್ರಮವೆಂದರೆ ಉಜ್ಜದೆ 37ರಿಂದ 39 ಡಿಗ್ರಿ ಬಿಸಿಯ ನೀರಿನಲ್ಲಿ ಮುಳುಗಿಸುವುದು, ಅದೂ ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗಕ್ಕೆ ಬಂದ ಮೇಲೆಯೇ. ನಿಮ್ಮ ಮಗನಿಗೆ ಇನ್ನೊಂದು ಮಾತು: ಬಂಕರಿನಲ್ಲಿ ಸೀಮೆಎಣ್ಣೆ ಬುಖಾರಿ, ಅಂದರೆ ಬೆಚ್ಚಗಿಡುವ ಒಲೆ, ಉರಿಯುತ್ತಿದ್ದರೆ ಗಾಳಿಕಿಂಡಿ ಮುಚ್ಚಬಾರದು. ಅದರಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಅದರ ಮೊದಲ ಲಕ್ಷಣವೂ ತಲೆನೋವೇ.

ಗುಂಡೇಟಿನ ಬಗ್ಗೆ ನೀವು ಕೇಳಲಿಲ್ಲ, ಆದರೆ ತಾಯಿಯ ಮನಸ್ಸಿನಲ್ಲಿ ಇಲ್ಲದಿರುವುದಿಲ್ಲ. ಈಚಿನ ಯುದ್ಧಗಳ ಅಧ್ಯಯನಗಳಲ್ಲಿ, ಉಳಿಸಬಹುದಾಗಿದ್ದ ಸಾವುಗಳಿಗೆ ಬಹುಪಾಲು ಕಾರಣ ರಕ್ತಸ್ರಾವ. ಕೈಕಾಲಿನ ಗಾಯದ ಮೇಲೆ ಬಿಗಿಯುವ ಪಟ್ಟಿಯ ಬಗ್ಗೆ ಬಾಗ್ದಾದಿನ ಅಮೆರಿಕನ್ ಸೇನಾ ಆಸ್ಪತ್ರೆಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ಇದು: ರಕ್ತ ಸೋರಿ ದೇಹ ಕುಸಿಯುವ ಮುಂಚೆ ಪಟ್ಟಿ ಕಟ್ಟಿದವರಲ್ಲಿ ನೂರಕ್ಕೆ 90 ಜನ ಬದುಕಿದರು, ಕುಸಿದ ಮೇಲೆ ಕಟ್ಟಿದವರಲ್ಲಿ 10 ಜನ. ಪಕ್ಕದ ಸೈನಿಕನ ಕೈಗೆ ಅದು ಎಷ್ಟು ಬೇಗ ಸಿಗುತ್ತದೆ ಎಂಬುದೇ ಮುಖ್ಯ.

ಇನ್ನು ಬುತ್ತಿಯ ಮಾತು. ಎತ್ತರದಲ್ಲಿ ಹಸಿವು ಸಾಯುತ್ತದೆ. ತಟ್ಟೆ ತುಂಬ ಬಡಿಸಿದರೂ ಎರಡು ತುತ್ತಿಗೆ ಸಾಕೆನಿಸುತ್ತದೆ, ತೂಕ ಇಳಿಯುತ್ತದೆ. ಮೈಸೂರಿನಲ್ಲಿ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಈ ಸಮಸ್ಯೆಯ ಮೇಲೆ ದಶಕಗಳಿಂದ ದುಡಿಯುತ್ತಿದೆ: ತಿಂಗಳುಗಟ್ಟಲೆ ಕೆಡದ ಚಪಾತಿ, ಪೊಟ್ಟಣದಲ್ಲಿಯೇ ಬಿಸಿ ಮಾಡಿ ತಿನ್ನುವ ಅನ್ನ, ಹಣ್ಣಿನ ಪಟ್ಟಿಗಳು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಜೊತೆಗಿದ್ದ ಮಾವಿನಹಣ್ಣಿನ ಪಟ್ಟಿಯೂ ಅಲ್ಲಿಯದೇ. ಆಹಾರ ಕೆಡದಿರಲು ಅವರು ಹಿಡಿದ ದಾರಿಗಳಲ್ಲಿ ಒಂದು ನಿಮ್ಮ ಅಡುಗೆಮನೆಯಲ್ಲಿಯೂ ಇದೆ: ನೀರಿನಂಶ ತೆಗೆಯುವುದು. ಕಡಕ್ ರೊಟ್ಟಿ ವಾರಗಟ್ಟಲೆ ಉಳಿಯುವುದು ಅದರಿಂದಲೇ. ಆದ್ದರಿಂದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಧಾರಾಳವಾಗಿ ಕಟ್ಟಿ. ಖಾರದ ರುಚಿ ಸತ್ತ ನಾಲಿಗೆಯನ್ನು ಎಬ್ಬಿಸುತ್ತದೆ, ಮನೆಯ ರುಚಿ ಎರಡು ತುತ್ತು ಹೆಚ್ಚು ಉಣ್ಣಿಸುತ್ತದೆ. ನಿಮ್ಮ ಗೋಕಾಕದ ಕರದಂಟು ನನ್ನ ಮೆಚ್ಚಿನ ಆಯ್ಕೆ. ಬೆಲ್ಲ, ಒಣಹಣ್ಣು, ಅಂಟು, ಸ್ವಲ್ಪ ತುಪ್ಪ; ಚಿಕ್ಕ ತುಂಡಿನಲ್ಲಿ ಬಹಳ ಶಕ್ತಿ, ತೇವ ಕಡಿಮೆ. ಕುಂದಾ ಬೇಡ, ಹಾಲಿನದು, ದಾರಿಯಲ್ಲಿಯೇ ಕೆಡುತ್ತದೆ. ಮೊದಲ ದಿನಗಳಲ್ಲಿ ಕೊಬ್ಬಿಗಿಂತ ಹಿಟ್ಟು, ಅಕ್ಕಿ, ಬೆಲ್ಲದಂಥವು ಒಳ್ಳೆಯದು, ಅಷ್ಟೇ ಶಕ್ತಿಗೆ ಅವು ಸ್ವಲ್ಪ ಕಡಿಮೆ ಆಮ್ಲಜನಕ ಬಳಸುತ್ತವೆ. ಬಾಯಾರಿಕೆ ಕಾಯದೆ ನೀರು ಕುಡಿಯಬೇಕು. ಮದ್ಯ ಮುಟ್ಟಬಾರದು. ಎತ್ತರದಲ್ಲಿ ತಿಂಗಳುಗಟ್ಟಲೆ ಇದ್ದವರ ರಕ್ತ ಮಂದವಾಗಿ ಕಾಲಿನ ನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ಹಾಗಾಗಿ ಮುಂದಿನ ಸಲ ಎರಡು ದಿನ ರೈಲಿನಲ್ಲಿ ಕುಳಿತು ಊರಿಗೆ ಬಂದಾಗ ಒಂದೇ ಕಾಲು ಬಾತು ನೋಯುತ್ತಿದ್ದರೆ ದಣಿವೆಂದು ಬಿಡಬೇಡಿ, ಅಂದೇ ವೈದ್ಯರಿಗೆ ತೋರಿಸಿ.

ಈಗ ಕಿರಿಯ ಮಗ. ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಿ ಓಡುವ ಹುಡುಗರನ್ನು ನೋಡಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಬಿಸಿಲಿಗೂ ದೇಹ ಹೊಂದಿಕೊಳ್ಳುತ್ತದೆ, ಹತ್ತರಿಂದ ಹದಿನಾಲ್ಕು ದಿನ ಬೇಕು. ದಿನದಿನಕ್ಕೂ ಸ್ವಲ್ಪ ಸ್ವಲ್ಪ ಹೆಚ್ಚಿಸಿದರೆ ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ. ಅಮೆರಿಕದ ನೌಕಾಪದಾತಿಯ ಪ್ಯಾರಿಸ್ ಐಲೆಂಡ್ ತರಬೇತಿ ಶಿಬಿರದಲ್ಲಿ 1950ರ ದಶಕದಲ್ಲಿ ಹೊಸ ಹುಡುಗರು ಬಿಸಿಲಾಘಾತಕ್ಕೆ ಸಿಕ್ಕಿ ಬೀಳುತ್ತಿದ್ದುದರಿಂದ ಒಂದು ಹೊಸ ಅಳತೆ ಹುಟ್ಟಿತು. ಅದರಲ್ಲಿ ಮಾಮೂಲಿ ತಾಪಮಾನಕ್ಕೆ ಹತ್ತನೆಯ ಒಂದು ಪಾಲು, ಬಿಸಿಲಿನ ಕಾವಿಗೆ ಎರಡು ಪಾಲು, ಒದ್ದೆಬಟ್ಟೆ ಸುತ್ತಿದ ತಾಪಮಾಪಕಕ್ಕೆ ಏಳು ಪಾಲು. ಅಂದರೆ ಬೆವರು ಆರುತ್ತದೆಯೇ ಇಲ್ಲವೇ ಎಂಬುದಕ್ಕೆ ಅತಿ ಹೆಚ್ಚು ತೂಕ. ರೋಹಿಣಿ ಮಳೆ ಬಿದ್ದ ಮಾರನೆಯ ದಿನ ‘ತಂಪಾಗಿದೆ’ ಎಂದು ಹುಡುಗರು ಹುರುಪಿನಿಂದ ಓಡುತ್ತಾರೆ. ಗಾಳಿ ಹಸಿಯಾಗಿ ಮತ್ತೆ ಬಿಸಿಲು ಬಿದ್ದರೆ ಅಂದಿನ ಅಪಾಯ ಹಿಂದಿನ ವಾರದ ಒಣ ಬಿಸಿಲಿಗಿಂತ ಹೆಚ್ಚಿರಬಹುದು. ಸೂರ್ಯೋದಯದ ಹೊತ್ತಿಗೆ ಓಡಲಿ. ಒಬ್ಬನೇ ಓಡದಿರಲಿ. ಜೊತೆಯವನು ಓಡುತ್ತಾ ತಡವರಿಸಿದರೆ, ಅಸಂಬದ್ಧ ಮಾತನಾಡಿದರೆ, ಬಿದ್ದರೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾ ಕೂರಬಾರದು, ಬಾಯಿಗೆ ನೀರು ಹುಯ್ಯಬಾರದು. ಹತ್ತಿರದಲ್ಲಿ ದನಗಳ ನೀರಿನ ತೊಟ್ಟಿ ಇದ್ದರೆ ತಲೆ ಮೇಲಿರುವಂತೆ ಹಿಡಿದು ಕುತ್ತಿಗೆಯವರೆಗೆ ಅದರಲ್ಲಿ ಮುಳುಗಿಸಬೇಕು. ಇಲ್ಲದಿದ್ದರೆ ನೆರಳಿಗೆಳೆದು ಕೊಡಗಟ್ಟಲೆ ನೀರು ಸುರಿದು ಗಾಳಿ ಬೀಸಬೇಕು. ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವವರೆಗೂ ತಂಪು ಮಾಡುತ್ತಿರಬೇಕು. ಈ ನಿಮಿಷಗಳು ಆಸ್ಪತ್ರೆಯ ಚಿಕಿತ್ಸೆಯಷ್ಟೇ ಬೆಲೆಯುಳ್ಳವು.

ಮೊಣಕಾಲಿನ ಕೆಳಗಿನ ನೋವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಭರ್ತಿಯ ಓಟ 1.6 ಕಿಲೋಮೀಟರ್ ಮಾತ್ರ, ಆದರೆ ಅದಕ್ಕಾಗಿ ಹುಡುಗರು ದಿನಾ ಹತ್ತು ಕಿಲೋಮೀಟರ್ ಡಾಂಬರು ರಸ್ತೆಯಲ್ಲಿ ಓಡುತ್ತಾರೆ. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿಕೊಳ್ಳುತ್ತದೆ, ಹೊಸದನ್ನು ಕಟ್ಟುವುದು ಆಮೇಲೆ. ನಡುವಿನ ಕೆಲವು ವಾರ ಅದು ಮೊದಲಿಗಿಂತ ದುರ್ಬಲ. ಆಗಲೂ ಓಡುತ್ತಿದ್ದರೆ ಕೂದಲೆಳೆಯಂಥ ಬಿರುಕು ಮೂಡುತ್ತದೆ. ತರಬೇತಿ ಪಡೆಯುವ ಸೈನಿಕರನ್ನು ಎಲ್ಲ ದೇಶಗಳಲ್ಲೂ ಕಾಡುವ ಗಾಯವಿದು. ಅಮೆರಿಕದ ನೌಕಾಪಡೆಯಲ್ಲಿ ತರಬೇತಿ ಪಡೆಯುತ್ತಿದ್ದ ಐದು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಪಡೆದವರಲ್ಲಿ ಇಂಥ ಬಿರುಕು ನೂರಕ್ಕೆ 20ರಷ್ಟು ಕಡಿಮೆಯಾಯಿತು. ಹಾಲು, ಮೊಸರು, ಎಳ್ಳು ಹೆಚ್ಚಿಸಿ. ಆದರೆ ಈಗಾಗಲೇ ನೋವಿರುವ ಕಾಲಿಗೆ ಮೊದಲ ಮದ್ದು ಓಟ ನಿಲ್ಲಿಸುವುದೇ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ಮತ್ತೆ ಓಡುವುದೂ ತಪ್ಪು, ಮೊದಲ ಎರಡು ಮೂರು ವಾರ ಈ ಬಿರುಕು ಎಕ್ಸ್‌ರೇಗೆ ಸಿಗದೇ ಇರಬಹುದು.

ಮನೆಯಲ್ಲಿ ಮಾಡಬಹುದಾದ ಸರಳ ಪರೀಕ್ಷೆ ಒಂದಿದೆ. ಹೆಬ್ಬೆರಳಿನಿಂದ ಮುಂಗಾಲ ಮೂಳೆಯ ಉದ್ದಕ್ಕೂ ಮೇಲಿನಿಂದ ಕೆಳಗೆ ಒತ್ತುತ್ತಾ ಬನ್ನಿ. ನೋವು ಉದ್ದಕ್ಕೂ ಹರಡಿಕೊಂಡಿದ್ದರೆ ಎರಡು ವಾರದ ವಿಶ್ರಾಂತಿಯಿಂದ ಕಡಿಮೆಯಾಗಬಹುದು. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದಂತೆ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಅಂದಿನಿಂದಲೇ ಓಟ ಬಂದ್ ಮಾಡಿ ಮೂಳೆತಜ್ಞರಿಗೆ ತೋರಿಸಿ. ನೀವು ಒತ್ತಿದರೆ ಅವನು ಹಲ್ಲು ಕಚ್ಚಿ ‘ಏನೂ ಇಲ್ಲ’ ಎನ್ನಬಹುದು. ಅಣ್ಣ ಮುಂದಿನ ವಾರದವರೆಗೆ ಮನೆಯಲ್ಲಿಯೇ ಇದ್ದಾನಲ್ಲ, ಒತ್ತಿ ನೋಡುವ ಕೆಲಸವನ್ನು ಅವನಿಗೇ ಒಪ್ಪಿಸಿ. ತಮ್ಮ ನೋವನ್ನು ಮುಚ್ಚಿಡುವಾಗ ಮುಖ ಹೇಗಾಗುತ್ತದೆಂದು ಅವನಿಗೆ ಗೊತ್ತಿರುತ್ತದೆ.